ಕಂಪನಿ ರಾತ್ರಿ ಬಿತ್ತಿ, ಮನೆಯವರ ರಾತ್ರಿ ಕೊಯ್ಯಿರಿ: ಹೋಟೆಲ್ ಎಲೀಟ್ ಸ್ಟೇಟಸ್‌ಗೆ 12 ಸೂತ್ರಗಳು

ನಿಮ್ಮ ಬೀದಿಯ ದರ್ಶಿನಿಗೆ ನೀವು ದಿನಾ ಹೋಗುವವರಾದರೆ ಇದನ್ನು ಗಮನಿಸಿರುತ್ತೀರಿ. ನಿಮ್ಮ ಮುಖ ಕಂಡ ಕೂಡಲೇ ಕಾಫಿಯವನು ಡಿಕಾಕ್ಷನ್ ಒಂದು ಪಟ್ಟು ಜಾಸ್ತಿ ಹಾಕುತ್ತಾನೆ. ಕೇಳದೆಯೇ ಇನ್ನೊಂದು ಸೌಟು ಚಟ್ನಿ ಬೀಳುತ್ತದೆ. ಎಲೀಟ್ ಸ್ಟೇಟಸ್ ಅಂದರೆ ಇಷ್ಟೇ. ದೊಡ್ಡ ಹೋಟೆಲ್ ಚೈನ್‌ಗಳು ಈ ಕಾಯಂ ಗಿರಾಕಿ ಮರ್ಯಾದೆಯನ್ನೇ ಕಂಪ್ಯೂಟರಿಗೆ ಹಾಕಿಕೊಂಡಿವೆ. ಮ್ಯಾರಿಯಟ್‌ಗೆ ಜಗತ್ತಿನಾದ್ಯಂತ 9,000ಕ್ಕೂ ಹೆಚ್ಚು ಹೋಟೆಲ್‌ಗಳಿವೆ. ಅಲ್ಲಿ ನಿಮ್ಮ ಮುಖ ಯಾರಿಗೂ ಗೊತ್ತಿಲ್ಲ, ನಿಮ್ಮ ಮೆಂಬರ್ ನಂಬರ್ ಎಲ್ಲರಿಗೂ ಗೊತ್ತು.

ಡಲ್ಲಾಸ್‌ನ ಕ್ಲೈಂಟ್ ಸೈಟ್, ಪುಣೆಯ ಆಡಿಟ್, ಹೈದರಾಬಾದಿನ ಟ್ರೇನಿಂಗ್ ಅಂತ ವರ್ಷಕ್ಕೆ 40–50 ರಾತ್ರಿ ನೀವು ಹೊರಗೇ ಮಲಗುತ್ತೀರಿ. ಬಿಲ್ ಕಂಪನಿಯದು, ಬೆನ್ನುನೋವು ನಿಮ್ಮದು. ಆ ರಾತ್ರಿಗಳ ಲೆಕ್ಕವಾದರೂ ನಿಮ್ಮ ಹೆಸರಿಗೆ ಬರಲಿ. ‘ಅದೆಲ್ಲ ದೊಡ್ಡವರಿಗೆ, ನಮ್ಮಂಥವರಿಗಲ್ಲ’ ಅನ್ನುವ ಮಾತನ್ನು ಇಲ್ಲಿಗೇ ಬಿಡಿ. ಸಿಸ್ಟಂ ನಿಮ್ಮ ಸಂಬಳ ಕೇಳುವುದಿಲ್ಲ, ರಾತ್ರಿ ಎಣಿಸುತ್ತದೆ.

1. ಇವತ್ತೇ ಮೆಂಬರ್ ಆಗಿ, ಪಾಸ್‌ಪೋರ್ಟಿನ ಹೆಸರಲ್ಲೇ ಆಗಿ.
ಮೆಂಬರ್‌ಶಿಪ್ ಫ್ರೀ. ಆ್ಯಪ್ ಹಾಕಿಕೊಂಡರೆ ಐದು ನಿಮಿಷದ ಕೆಲಸ. ಆದರೆ ಹೆಸರು ಬರೆಯುವಾಗ ಜಾಗ್ರತೆ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಬುಕಿಂಗ್‌ನಲ್ಲೊಂದು, ಅಕೌಂಟಿನಲ್ಲೊಂದು ಹೆಸರಿದ್ದರೆ ತಪ್ಪಿಹೋದ ರಾತ್ರಿಯನ್ನು ಆಮೇಲೆ ಕೇಳಿ ಪಡೆಯುವಾಗ ಪರದಾಡುತ್ತೀರಿ. ಎಲ್ಲ ಕಡೆ ಒಂದೇ ಸ್ಪೆಲಿಂಗ್ ಇಡಿ.

2. ಒಂದೇ ಚೈನ್ ಹಿಡಿಯಿರಿ.
ಎರಡು ದೋಣಿಯ ಮೇಲೆ ಕಾಲಿಟ್ಟವರು ಇಲ್ಲಿ ಮುಳುಗುವುದಿಲ್ಲ, ಆದರೆ ದಡವನ್ನೂ ಸೇರುವುದಿಲ್ಲ. ಲೆಕ್ಕ ನೋಡಿ. ಮ್ಯಾರಿಯಟ್ ಬೋನ್‌ವಾಯ್‌ನಲ್ಲಿ ವರ್ಷಕ್ಕೆ 10 ರಾತ್ರಿಗೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟೇನಿಯಂ. ವರ್ಲ್ಡ್ ಆಫ್ ಹಯಾಟ್‌ನಲ್ಲಿ 10ಕ್ಕೆ ಡಿಸ್ಕವರಿಸ್ಟ್, 30ಕ್ಕೆ ಎಕ್ಸ್‌ಪ್ಲೋರಿಸ್ಟ್, 60ಕ್ಕೆ ಗ್ಲೋಬಲಿಸ್ಟ್. ಐಎಚ್‌ಜಿಯಲ್ಲಿ ದರ್ಜೆಗಳು 10, 20 (ಗೋಲ್ಡ್), 40, 70 (ಡೈಮಂಡ್) ರಾತ್ರಿಗೆ. ನಿಮ್ಮ 60 ರಾತ್ರಿಯನ್ನು ಮೂರಕ್ಕೂ ಸಮನಾಗಿ ಹಂಚಿದರೆ ಕೈಗೆ ಬರುವುದು ಒಂದು ಸಿಲ್ವರ್, ಒಂದು ಡಿಸ್ಕವರಿಸ್ಟ್, ಒಂದು ಗೋಲ್ಡ್. ಮೂರೂ ಸೇರಿಸಿದರೂ ಒಂದು ತಟ್ಟೆ ಉಪ್ಪಿಟ್ಟು ಹುಟ್ಟುವುದಿಲ್ಲ. ಅದೇ 60 ರಾತ್ರಿಯನ್ನು ಮ್ಯಾರಿಯಟ್ ಒಂದರಲ್ಲೇ ಹಾಕಿದರೆ ಪ್ಲಾಟಿನಂ ದಾಟಿರುತ್ತೀರಿ.

3. ಚೈನ್ ಆರಿಸುವಾಗ ಬ್ರೋಷರ್ ನೋಡಬೇಡಿ, ಕ್ಲೈಂಟ್ ಇರುವ ಊರಿನ ಮ್ಯಾಪ್ ನೋಡಿ.
ಗ್ಲೋಬಲಿಸ್ಟ್‌ಗೆ ಸಿಗುವ ಉಪಚಾರ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಹಯಾಟ್ ಹೋಟೆಲ್‌ಗಳ ಸಂಖ್ಯೆ ಕಡಿಮೆ. ಅಮೆರಿಕದ ಸಣ್ಣ ಊರಿಗೆ ಪ್ರಾಜೆಕ್ಟ್ ಬಿದ್ದರೆ ಕಣ್ಣಿಗೆ ಬೀಳುವುದು ಹ್ಯಾಂಪ್ಟನ್, ಹಾಲಿಡೇ ಇನ್ ಎಕ್ಸ್‌ಪ್ರೆಸ್, ಫೇರ್‌ಫೀಲ್ಡ್. ಅಂದರೆ ಹಿಲ್ಟನ್, ಐಎಚ್‌ಜಿ, ಮ್ಯಾರಿಯಟ್. ಜೊತೆಗೆ ತಂಗಿದ್ದಕ್ಕೆ ಸಿಗುವ ಪಾಯಿಂಟ್ ಖರ್ಚು ಮಾಡುವ ಜಾಗವನ್ನೂ ನೋಡಿಕೊಳ್ಳಿ. ಮ್ಯಾರಿಯಟ್‌ಗೆ ಬೆಂಗಳೂರಿನಲ್ಲಿ ಫೇರ್‌ಫೀಲ್ಡ್‌ನಿಂದ ಹಿಡಿದು ರಿಟ್ಜ್-ಕಾರ್ಲ್‌ಟನ್‌ವರೆಗೆ ಇದೆ, ಕೊಡಗಿನಲ್ಲಿ ರೆಸಾರ್ಟ್ ಇದೆ. ಹಯಾಟ್‌ಗೆ ಎಂ.ಜಿ. ರೋಡ್ ಬಳಿ ಹೋಟೆಲ್ ಇದೆ, ಹಂಪಿ ನೋಡಲು ತೋರಣಗಲ್ಲಿನ ಹಯಾಟ್ ಪ್ಲೇಸ್ ಇದೆ.

4. ಗೋಲ್ಡ್ ಅನ್ನುವ ಹೆಸರಿಗೆ ಮರುಳಾಗಬೇಡಿ.
ಈ ಸೂತ್ರ ಎರಡು ಸಲ ಓದಿ. ಒಂದೇ ‘ಗೋಲ್ಡ್’ ಒಂದೊಂದು ಅಂಗಡಿಯಲ್ಲಿ ಒಂದೊಂದು ಕ್ಯಾರಟ್. ಹಿಲ್ಟನ್ ಗೋಲ್ಡ್‌ಗೆ ಅಮೆರಿಕದ ಹೊರಗೆ ಬ್ರೇಕ್‌ಫಾಸ್ಟ್ ಇದೆ. ಅಮೆರಿಕದೊಳಗೆ ಹಲವು ಬ್ರ್ಯಾಂಡ್‌ಗಳಲ್ಲಿ ತಿಂಡಿಯ ಬದಲು ದಿನಕ್ಕಿಷ್ಟು ಅಂತ ಕ್ರೆಡಿಟ್ ಕೊಡುತ್ತಾರೆ. ಮ್ಯಾರಿಯಟ್ ಗೋಲ್ಡ್‌ಗೆ ಬ್ರೇಕ್‌ಫಾಸ್ಟ್ ಇಲ್ಲ. 25% ಬೋನಸ್ ಪಾಯಿಂಟ್, ರೂಂ ಖಾಲಿ ಇದ್ದರೆ ಮಧ್ಯಾಹ್ನ 2ರವರೆಗೆ ಚೆಕ್‌ಔಟ್, ಹೆಚ್ಚುಕಡಿಮೆ ಅಷ್ಟೆ. ಮ್ಯಾರಿಯಟ್‌ನ ನಿಜವಾದ ಬಾಗಿಲು ಪ್ಲಾಟಿನಂ: 50% ಬೋನಸ್, ಸಂಜೆ 4ರ ಚೆಕ್‌ಔಟ್, ಲೌಂಜ್, ಹಲವು ಬ್ರ್ಯಾಂಡ್‌ಗಳಲ್ಲಿ ಬ್ರೇಕ್‌ಫಾಸ್ಟ್, ಖಾಲಿ ಇದ್ದರೆ ಸ್ವೀಟ್ ರೂಂ. ಅಲ್ಲೂ ತೂತುಗಳಿವೆ. ರಿಟ್ಜ್-ಕಾರ್ಲ್‌ಟನ್‌ನ ಕ್ಲಬ್ ಲೌಂಜ್ ಪ್ಲಾಟಿನಂನವರಿಗೆ ತೆರೆಯುವುದಿಲ್ಲ. ರೆಸಾರ್ಟ್‌ಗಳಲ್ಲಿ 4 ಗಂಟೆಯ ಚೆಕ್‌ಔಟ್ ಗ್ಯಾರಂಟಿ ಇಲ್ಲ. ಬುಕ್ ಮಾಡುವ ಮುಂಚೆ ಆ ಬ್ರ್ಯಾಂಡಿನ ಷರತ್ತು ಓದಿ, ರಿಸೆಪ್ಷನ್‌ನಲ್ಲಿ ಮುಜುಗರ ತಪ್ಪುತ್ತದೆ.

ಹಾಗಾಗಿ ಗುರಿ ಇಡುವಾಗ ‘ಎಷ್ಟು ರಾತ್ರಿಗೆ ತಿಂಡಿ ಶುರು?’ ಅಂತ ಕೇಳಿಕೊಳ್ಳಿ. ಮ್ಯಾರಿಯಟ್‌ನಲ್ಲಿ ಅದು 50. ಹಯಾಟ್‌ನಲ್ಲಿ 60. ಐಎಚ್‌ಜಿಯಲ್ಲಿ 70ರ ಡೈಮಂಡ್. ನಿಮ್ಮ ವರ್ಷದ ಓಡಾಟ 30 ರಾತ್ರಿಯದ್ದಾದರೆ ಮ್ಯಾರಿಯಟ್ ಗೋಲ್ಡ್‌ಗಾಗಿ ಬೆವರು ಸುರಿಸಬೇಡಿ. ಬಂದರೆ ತೆಗೆದುಕೊಳ್ಳಿ.

5. ನೇರ ಬುಕ್ ಮಾಡಿ. ಟ್ರಾವೆಲ್ ಡೆಸ್ಕಿಗೆ ನಂಬರ್ ಕೊಡಿ.
ಹೋಟೆಲಿನ ಸ್ವಂತ ಆ್ಯಪ್, ವೆಬ್‌ಸೈಟ್, ಅಥವಾ ಕಂಪನಿಯ ಕಾರ್ಪೊರೇಟ್ ರೇಟ್ ಇದ್ದರೆ ಸಾಮಾನ್ಯವಾಗಿ ರಾತ್ರಿ ಲೆಕ್ಕಕ್ಕೆ ಬರುತ್ತದೆ. ಟ್ರಾವೆಲ್ ಪೋರ್ಟಲ್‌ಗಳಲ್ಲಿ ಬುಕ್ ಮಾಡಿದರೆ ಪಾಯಿಂಟೂ ಇಲ್ಲ, ರಾತ್ರಿಯೂ ಇಲ್ಲ. ಕಾರಣ ಸರಳ. ಪೋರ್ಟಲ್‌ಗೆ ಹೋಟೆಲ್ ಕಮಿಷನ್ ಕಟ್ಟಬೇಕು, ಆ ಕಮಿಷನ್ ಉಳಿಸಿಕೊಟ್ಟ ಗಿರಾಕಿಗೆ ಮಾತ್ರ ಉಡುಗೊರೆ.

ಇದನ್ನು ನಾನು ಕಲಿತ ರೀತಿ ಹೇಳಿಬಿಡುತ್ತೇನೆ. ಮೊದಲ ಆನ್‌ಸೈಟ್‌ನಲ್ಲಿ 11 ವಾರ ಒಂದೇ ಹೋಟೆಲಿನಲ್ಲಿದ್ದೆ. ವಾಷಿಂಗ್ ಮೆಷಿನ್‌ಗೆ ಯಾವ ನಾಣ್ಯ ಹಿಡಿಸುತ್ತದೆ ಅಂತ ಹೊಸ ಗೆಸ್ಟ್‌ಗಳಿಗೆ ನಾನೇ ಹೇಳಿಕೊಡುವಷ್ಟು ಹಳಬನಾಗಿದ್ದೆ. ಊರಿಗೆ ಬಂದು ಅಕೌಂಟ್ ತೆರೆದರೆ ಸೊನ್ನೆ. ಆಫೀಸಿನವರು ಯಾವುದೋ ಪೋರ್ಟಲಿನಲ್ಲಿ ಬುಕ್ ಮಾಡಿದ್ದರು. 77 ರಾತ್ರಿ! ಮ್ಯಾರಿಯಟ್ ಲೆಕ್ಕದಲ್ಲಿ ಅದು ಟೈಟೇನಿಯಂ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನೀವು ಟ್ರಾವೆಲ್ ಡೆಸ್ಕಿಗೆ ಈಗಲೇ ಮೇಲ್ ಹಾಕಿ: ನನ್ನ ಪ್ರೊಫೈಲಿನಲ್ಲಿ ಈ ನಂಬರ್ ಸೇರಿಸಿ, ಕಾರ್ಪೊರೇಟ್ ರೇಟ್‌ನಲ್ಲೇ ಬುಕ್ ಮಾಡಿ.

6. ಚೆಕ್‌ಇನ್‌ನಲ್ಲಿ ನಂಬರ್ ಹೇಳಿ, ಚೆಕ್‌ಔಟ್‌ನಲ್ಲಿ ಬಿಲ್ ಉಳಿಸಿಕೊಳ್ಳಿ.
ಒಂದು ವಾರದಲ್ಲಿ ಅಕೌಂಟಿಗೆ ರಾತ್ರಿ ಬಂತೇ ನೋಡಿ. ಬಂದಿಲ್ಲವಾದರೆ ಬಿಲ್ ಸಮೇತ ಕೇಳಿ. ಬಿಲ್ ಇಲ್ಲದವನ ವಾದ ಯಾರೂ ಕೇಳುವುದಿಲ್ಲ.

7. ದುಡ್ಡು ಎಣಿಸಬೇಡಿ, ರಾತ್ರಿ ಎಣಿಸಿ.
₹4,500ರ ಫೇರ್‌ಫೀಲ್ಡ್ ರೂಮೂ ಒಂದು ರಾತ್ರಿ, ₹25,000ದ ಸ್ವೀಟೂ ಒಂದೇ ರಾತ್ರಿ. ಅಡುಗೆಮನೆ ಇರುವ, ಮ್ಯಾರಿಯಟ್‌ನದೇ ಆದ ರೆಸಿಡೆನ್ಸ್ ಇನ್‌ನಲ್ಲಿ ಡಾಲರಿಗೆ 10ರ ಬದಲು 5 ಪಾಯಿಂಟ್ ಮಾತ್ರ, ಆದರೆ ರಾತ್ರಿ ಪೂರ್ತಿ ಒಂದೇ. ಅನ್ನ ಸಾರು ಮಾಡಿಕೊಂಡು ಆರೋಗ್ಯವನ್ನೂ ಉಳಿಸಿಕೊಳ್ಳಿ. ದುಡ್ಡಿನ ಷರತ್ತು ಬರುವುದು ಮ್ಯಾರಿಯಟ್‌ನ ತುತ್ತತುದಿಯ ಅಂಬಾಸಡರ್‌ಗೆ: 100 ರಾತ್ರಿಯ ಜೊತೆಗೆ 23,000 ಡಾಲರ್ ಖರ್ಚು. ಅದು ನಿಮ್ಮ ದಾರಿಯಲ್ಲ, ಸುಮ್ಮನೆ ಬಿಡಿ.

8. ಜನವರಿಯಲ್ಲೇ ಓಟ ಶುರು ಮಾಡಿ.
ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಜನವರಿ 1ಕ್ಕೆ ಬಹುತೇಕ ಎಲ್ಲರೂ ಮತ್ತೆ ಸೊನ್ನೆಯಿಂದ. ಮ್ಯಾರಿಯಟ್, ಹಯಾಟ್ ಎರಡರಲ್ಲೂ ಈ ವರ್ಷ ಗಳಿಸಿದ ಸ್ಟೇಟಸ್ ಮುಂದಿನ ವರ್ಷ ಪೂರ್ತಿ ಇದ್ದು, ಅದರಾಚೆಯ ಫೆಬ್ರವರಿಯ ಕೊನೆಗೆ ಮುಗಿಯುತ್ತದೆ. ಮಾರ್ಚ್ ಕೊನೆಗೆ ಮುಟ್ಟಿದವನಿಗೆ 23 ತಿಂಗಳು, ಡಿಸೆಂಬರ್ ಕೊನೆಗೆ ಮುಟ್ಟಿದವನಿಗೆ 14 ತಿಂಗಳು. ಬೆವರು ಒಂದೇ, ಸಿಗುವ ಕಾಲ ಬೇರೆ. ಮೂರು ತಿಂಗಳ ಪ್ರಾಜೆಕ್ಟಿಗೆ ತಾರೀಕು ಆರಿಸುವ ಅವಕಾಶ ಸಿಕ್ಕರೆ ಜನವರಿ ಆರಿಸಿ.

9. ಗಳಿಕೆಯ ಒಳದಾರಿಗಳನ್ನು ಬಳಸಿ.
ಇವು ಮೋಸವಲ್ಲ, ನಿಯಮದಲ್ಲೇ ಇರುವ ಬಾಗಿಲುಗಳು. ಒಂದು, ಕಾರ್ಡ್. ಎಚ್‌ಡಿಎಫ್‌ಸಿ ಬ್ಯಾಂಕಿನ ಮ್ಯಾರಿಯಟ್ ಬೋನ್‌ವಾಯ್ ಕಾರ್ಡ್ 2023ರಲ್ಲಿ ಬಂತು. ವರ್ಷದ ಶುಲ್ಕ ₹3,000, ಟ್ಯಾಕ್ಸ್ ಬೇರೆ. ಸಿಲ್ವರ್ ಸ್ಟೇಟಸ್, ಒಂದು ಫ್ರೀ ನೈಟ್, ಜೊತೆಗೆ 10 ಎಲೀಟ್ ರಾತ್ರಿ ಸಿಗುವ ಕಾರ್ಡ್ ಅದು. 50ರ ಬೆಟ್ಟ 40ಕ್ಕೆ ಇಳಿಯುತ್ತದೆ. ಅರ್ಜಿ ಹಾಕುವ ದಿನ ಷರತ್ತು ಒಮ್ಮೆ ನೋಡಿ, ಇವು ಬದಲಾಗುತ್ತಿರುತ್ತವೆ. ಬಿಲ್ ತಿಂಗಳು ತಿಂಗಳು ಪೂರ್ತಿ ಕಟ್ಟುವ ಶಿಸ್ತಿಲ್ಲದವರು ಈ ಬಾಗಿಲು ಮುಟ್ಟಬೇಡಿ. ಎರಡು, ಪಾಯಿಂಟ್ ಕೊಟ್ಟು ತಂಗಿದ ಫ್ರೀ ರಾತ್ರಿಗಳೂ ದೊಡ್ಡ ಚೈನ್‌ಗಳಲ್ಲಿ ಲೆಕ್ಕಕ್ಕೆ ಬರುತ್ತವೆ. ಮೂರು, ಮ್ಯಾರಿಯಟ್‌ನಲ್ಲಿ ನೀವು ಒಂದು ರೂಮಿನಲ್ಲಿದ್ದು ಮೂರರ ಬಿಲ್ಲನ್ನೂ ನೀವೇ ಕೊಟ್ಟರೆ ಮೂರರ ರಾತ್ರಿಯೂ ನಿಮ್ಮದೇ. ಕುಟುಂಬದ ಮದುವೆಗೆ ರೂಂ ಮಾಡುವ ಜವಾಬ್ದಾರಿಯನ್ನು ಚಿಕ್ಕಪ್ಪನಿಗೆ ಬಿಡಬೇಡಿ, ನೀವೇ ಹೊತ್ತುಕೊಳ್ಳಿ. ನಾಲ್ಕು, ಯುನೈಟೆಡ್ ಏರ್‌ಲೈನ್ಸ್‌ನಲ್ಲಿ ಪ್ರೀಮಿಯರ್ ಗೋಲ್ಡ್ ಇರುವವರಿಗೆ ಮ್ಯಾರಿಯಟ್ ಗೋಲ್ಡ್ ಕೊಡುವ ಒಪ್ಪಂದವಿದೆ. ಅಮೆರಿಕಕ್ಕೆ ಪದೇಪದೇ ಹಾರುವವರು ಎರಡೂ ಅಕೌಂಟ್ ಜೋಡಿಸಿ.

10. ಕೇಳಿ. ಬಾಯಿಬಿಟ್ಟು ಕೇಳಿ.
‘ಏನಂದುಕೊಳ್ಳುತ್ತಾರೋ’ ಎಂಬುದು ನಮ್ಮವರ ದೊಡ್ಡ ಕಾಯಿಲೆ. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕೊಸರಿಗೆ ಗಂಟೆಗಟ್ಟಲೆ ವಾದಿಸುವವರು ಹವಾನಿಯಂತ್ರಿತ ಲಾಬಿಯಲ್ಲಿ ಮೂಕರಾಗುತ್ತಾರೆ. ‘ಖಾಲಿ ಇದ್ದರೆ’ ಎಂದು ಬರೆದಿರುವ ಪ್ರತಿ ಸೌಲಭ್ಯವೂ ಕೌಂಟರಿನಲ್ಲಿ ನಿಂತವರ ಕೈಯಲ್ಲಿದೆ. ಒಂದು ದಿನ ಮುಂಚೆ ಆ್ಯಪ್‌ನಲ್ಲಿ ಮೆಸೇಜ್ ಹಾಕಿ: ನಾಳೆ ಬರುತ್ತಿದ್ದೇನೆ, ಮೇಲಿನ ಮಹಡಿ ಸಿಕ್ಕರೆ ಸಂತೋಷ, ವಿಮಾನ ಸಂಜೆ ಇದೆ, ಲೇಟ್ ಚೆಕ್‌ಔಟ್ ಬೇಕು. ಕೌಂಟರಿನಲ್ಲಿ ನಗುಮುಖದಿಂದ ಇನ್ನೊಮ್ಮೆ ಕೇಳಿ. ಇಲ್ಲ ಅಂದರೆ ಥ್ಯಾಂಕ್ಸ್ ಹೇಳಿ ಕೀ ತೆಗೆದುಕೊಳ್ಳಿ. ಕೂಗಾಡುವ ಪ್ಲಾಟಿನಂಗಿಂತ ನಗುವ ಸಿಲ್ವರ್‌ಗೆ ಒಳ್ಳೆ ರೂಂ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

11. ಡಿಸೆಂಬರಿನಲ್ಲಿ ಕ್ಯಾಲ್ಕ್ಯುಲೇಟರ್ ತೆಗೆಯಿರಿ, ಎದೆಬಡಿತ ನಂಬಬೇಡಿ.
46 ರಾತ್ರಿ ಆಗಿದೆ, ಪ್ಲಾಟಿನಂಗೆ ಇನ್ನು ನಾಲ್ಕು ಬೇಕು. ಊರಲ್ಲೇ ಅಗ್ಗದ ರೂಂ ಮಾಡಿ ಬರೀ ಲೆಕ್ಕಕ್ಕಾಗಿ ತಂಗುವುದಕ್ಕೆ ಅಮೆರಿಕದವರು ‘ಮ್ಯಾಟ್ರೆಸ್ ರನ್’ ಅನ್ನುತ್ತಾರೆ. ನಾಲ್ಕು ರಾತ್ರಿಗೆ ₹4,500ರಂತೆ ₹18,000, ಟ್ಯಾಕ್ಸ್ ಬೇರೆ. ಬದಲಿಗೆ ಏನು ಬರುತ್ತದೆ? ಇಲ್ಲೇ ಎಲ್ಲರೂ ಎಡವುವುದು. ಆಫೀಸ್ ಟ್ರಿಪ್ಪಿನ ತಿಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದನ್ನು ಕಂಪನಿ ಹೇಗೂ ಕೊಡುತ್ತದೆ. ನಿಮ್ಮ ಸ್ವಂತ ದುಡ್ಡಿನ, ಸ್ವಂತ ಪಾಯಿಂಟಿನ ರಾತ್ರಿ ಮಾತ್ರ ಎಣಿಸಿ. ಇಬ್ಬರ ಬ್ರೇಕ್‌ಫಾಸ್ಟ್ ₹1,500 ಅಂದುಕೊಂಡರೆ, ಮುಂದಿನ ವರ್ಷ ಮನೆಯವರ ಜೊತೆ 12 ರಾತ್ರಿಗಿಂತ ಹೆಚ್ಚು ತಂಗುವ ಪ್ಲಾನ್ ಇದ್ದರೆ ಮಾತ್ರ ದುಡ್ಡು ಹುಟ್ಟುತ್ತದೆ. ನಾಲ್ಕು ರಾತ್ರಿಯ ಗೋವಾ ಟ್ರಿಪ್ಪಿಗಾಗಿ ₹18,000 ಸುರಿದರೆ ಕೋಳಿಗಿಂತ ಮಸಾಲೆ ದುಬಾರಿ.

ಇದಕ್ಕೇ ಹೊಂದಿಕೊಂಡ ಇನ್ನೊಂದು ಮಾತು. ಸ್ಟೇಟಸ್‌ಗಾಗಿ ಕಂಪನಿಯ ಲಿಮಿಟ್ ಮೀರಿ ರೂಂ ಮಾಡಬೇಡಿ, ಬೇಡದ ರಾತ್ರಿ ಸೇರಿಸಬೇಡಿ. ಎಕ್ಸ್‌ಪೆನ್ಸ್ ರಿಪೋರ್ಟ್‌ನಲ್ಲಿ ಹೋದ ಹೆಸರು ಯಾವ ಲೌಂಜಿನಲ್ಲೂ ವಾಪಸ್ ಸಿಗುವುದಿಲ್ಲ.

12. ಉಳಿಸಿಕೊಳ್ಳಿ, ಆಮೇಲೆ ಖರ್ಚು ಮಾಡಿ.
ಮ್ಯಾರಿಯಟ್‌ನಲ್ಲಿ ಒಟ್ಟು 600 ರಾತ್ರಿ, ಜೊತೆಗೆ 10 ವರ್ಷ ಪ್ಲಾಟಿನಂ ಅಥವಾ ಮೇಲಿನ ದರ್ಜೆ ಇದ್ದರೆ ಲೈಫ್‌ಟೈಂ ಪ್ಲಾಟಿನಂ. 28ಕ್ಕೆ ಶುರು ಮಾಡಿ ವರ್ಷಕ್ಕೆ 60 ರಾತ್ರಿ ಓಡಾಡಿದರೆ 38ಕ್ಕೆ ಮುಗಿಯಿತು, ಆಮೇಲೆ ಒಂದು ರಾತ್ರಿಯೂ ಎಣಿಸಬೇಕಿಲ್ಲ. ಪಾಯಿಂಟ್ ಮಾತ್ರ ಹಾಗಲ್ಲ. 24 ತಿಂಗಳು ಅಕೌಂಟಿನಲ್ಲಿ ಚಟುವಟಿಕೆ ಇಲ್ಲದಿದ್ದರೆ ಅವು ಮಾಯ. ಕೂಡಿಟ್ಟಷ್ಟೂ ಬೆಲೆ ಇಳಿಯುತ್ತದೆ, ಏಕೆಂದರೆ ರೂಮಿಗೆ ಕೇಳುವ ಪಾಯಿಂಟ್ ಏರುತ್ತಲೇ ಇರುತ್ತದೆ. ಬಂಗಾರದಂತೆ ಬೀರುವಿನಲ್ಲಿಡುವ ವಸ್ತು ಇದಲ್ಲ.

ಖರ್ಚು ಮಾಡುವ ಜಾಣತನ ಇಷ್ಟೆ: ಪಾಯಿಂಟ್ ಕೊಟ್ಟು ಸತತ ಐದು ರಾತ್ರಿ ತಂಗಿದರೆ ಮ್ಯಾರಿಯಟ್ ನಾಲ್ಕಕ್ಕೆ ಮಾತ್ರ ಪಾಯಿಂಟ್ ತೆಗೆದುಕೊಳ್ಳುತ್ತದೆ. ರಾತ್ರಿಗೆ 15,000 ಕೇಳುವ ಹೋಟೆಲಾದರೆ ಐದು ರಾತ್ರಿಗೆ 60,000. ಪ್ಲಾಟಿನಂನವರಿಗೆ ಡಾಲರಿಗೆ ಬೋನಸ್ ಸೇರಿ 15 ಪಾಯಿಂಟ್. ಅಂದರೆ 100 ಡಾಲರಿನ ರೂಮಿನಲ್ಲಿ 40 ಆಫೀಸ್ ರಾತ್ರಿ ಕಳೆದರೆ ಮನೆಯವರಿಗೆ ಐದು ದಿನದ ರಜೆ.

ಅಪ್ಪ ಅಮ್ಮನಿಗೆ ರೂಂ ಬುಕ್ ಮಾಡಿ ನೀವು ಆಫೀಸಿನಲ್ಲೇ ಕೂತರೆ ಮಾತ್ರ ಅವರಿಗೆ ಲೌಂಜೂ ಇಲ್ಲ, ತಿಂಡಿಯೂ ಇಲ್ಲ. ಮ್ಯಾರಿಯಟ್‌ನಲ್ಲಿ ಮೆಂಬರ್ ಸ್ವತಃ ತಂಗಿದ್ದರೆ ಮಾತ್ರ ಸೌಲಭ್ಯ. ಮೊದಲು ಲೀವ್ ಹಾಕಿ.