ಬೇರೆ ಹೃದಯವನ್ನು ದೇಹ ಯಾಕೆ ಒಪ್ಪುವುದಿಲ್ಲ?

ನಾಟಿ ಮಾವಿನ ಸಸಿಗೆ ಬಾದಾಮಿ ಮಾವಿನ ಕುಡಿ ಕಟ್ಟಿದರೆ ಚಿಗುರುತ್ತದೆ. ಹಾಗಾದ್ರೆ ಒಂದು ನಾಯಿಯ ಹೃದಯವನ್ನು ಇನ್ನೊಂದಕ್ಕೆ ಕಸಿ ಮಾಡಿದರೂ ಬದುಕಬೇಕಲ್ವಾ ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದನ್ನೂ ನಾನು ಓದಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

1905ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಕ್ಯಾರೆಲ್ ಮತ್ತು ಗಥ್ರಿ ಎಂಬ ಇಬ್ಬರು ಒಂದು ನಾಯಿಯ ಹೃದಯವನ್ನು ಇನ್ನೊಂದು ನಾಯಿಯ ಕುತ್ತಿಗೆಗೆ ಜೋಡಿಸಿದರು. ಅದರ ಸ್ವಂತ ಹೃದಯ ಎದೆಯಲ್ಲೇ ಇತ್ತು. ಹೊಸ ಹೃದಯ ಸುಮಾರು 2 ಗಂಟೆ ಬಡಿಯಿತು. ಆಮೇಲೆ ರಕ್ತ ಹೆಪ್ಪುಗಟ್ಟಿತು.

1933ರಲ್ಲಿ ಅದೇ ದೇಶದ ಮೇಯೋ ಕ್ಲಿನಿಕ್ಕಿನ ಫ್ರಾಂಕ್ ಮ್ಯಾನ್ ಮತ್ತು ಸಂಗಡಿಗರು ಹೊಲಿಗೆಯ ರೀತಿಯನ್ನು ಸುಧಾರಿಸಿದರು. ಆಗ ಹೃದಯಗಳು ಸರಾಸರಿ 4 ದಿನ, ಒಂದಂತೂ 8 ದಿನ ಬಡಿಯಿತು. ಪಾಪ, ಆಮೇಲೆ ಅದೂ ನಿಂತಿತು! ಹೊಲಿಗೆ ಕೆಟ್ಟಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೃದಯದ ಸ್ನಾಯುವಿನ ತುಂಬಾ ಬಿಳಿ ರಕ್ತಕಣಗಳು ನುಗ್ಗಿದ್ದವು. ನನಗೆ ಬಹಳ ಆಶ್ಚರ್ಯವಾಗಿದ್ದು ಇಲ್ಲೇ. ಹೃದಯವನ್ನು ಕೊಂದದ್ದು ರೋಗವಲ್ಲ, ನಾಯಿಯನ್ನು ರೋಗದಿಂದ ಕಾಯುವ ಕಣಗಳೇ.

ಹೆಚ್ಚುಕಡಿಮೆ ಪ್ರತಿ ಜೀವಕೋಶದ ಮೇಲೂ ಗುರುತಿನ ಪ್ರೋಟೀನುಗಳಿರುತ್ತವೆ. ಟಿ ಕಣ ಎಂಬ ಬಿಳಿ ಕಣಗಳು ಅವನ್ನು ಮುಟ್ಟಿ ನೋಡುತ್ತವೆ. ಗುರುತು ಬೇರೆಯಾದರೆ ಸಾವಿರಾರು ಆಗಿ ಹೆಚ್ಚಿಕೊಂಡು ದಾಳಿ ಮಾಡುತ್ತವೆ. ಹೆಚ್ಚಿಕೊಳ್ಳಲು ಕೆಲವು ದಿನ ಬೇಕು, ಅದಕ್ಕೇ ಹೃದಯ ಮೊದಲು ಚೆನ್ನಾಗಿ ಬಡಿಯುತ್ತದೆ. ಮಾವಿನ ಮರದಲ್ಲಿ ಹೀಗೆ ಮೈಯೆಲ್ಲ ಸುತ್ತುವ ಕಾವಲು ಕಣಗಳಿಲ್ಲ.

ಈ ಕಣಗಳಿಗೆ ನೆನಪೂ ಉಂಟು. 1940ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಮೆಡವಾರ್ ಮೊಲಗಳಿಗೆ ಚರ್ಮ ಕಸಿ ಮಾಡಿದರು. ಅದೇ ಮೊಲದ ಚರ್ಮವನ್ನು ಎರಡನೇ ಸಲ ಹಚ್ಚಿದಾಗ ಇನ್ನೂ ಬೇಗ ಸತ್ತುಹೋಯಿತು.

ಔಷಧ ಕೊಟ್ಟು ಟಿ ಕಣಗಳನ್ನು ತಡೆಯಬಹುದು. ಆದರೆ ಆಗ ರೋಗಾಣುಗಳಿಗೆ ಬಾಗಿಲು ತೆರೆದಂತೆ. 1967ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಡಾ. ಬರ್ನಾರ್ಡ್ ಮನುಷ್ಯನ ಹೃದಯವನ್ನು ಮೊದಲ ಬಾರಿ ಮನುಷ್ಯನಿಗೆ ಕಸಿ ಮಾಡಿದರು. ಆ ರೋಗಿ 18 ದಿನಕ್ಕೆ ನ್ಯುಮೋನಿಯಾದಿಂದ ತೀರಿಕೊಂಡರು.

ಹಂದಿಯ ಹೃದಯವಾದರೆ ಇನ್ನೂ ಕಷ್ಟ. ಹಂದಿಯ ಜೀವಕೋಶದ ಮೇಲಿರುವ ಒಂದು ಸಕ್ಕರೆಗೆ ಎದುರಾದ ಪ್ರತಿಕಾಯಗಳು ಬಬೂನ್ ಕೋತಿಯ ರಕ್ತದಲ್ಲಿ ಮೊದಲೇ ಇರುತ್ತವೆ. ಹೃದಯ ನಿಮಿಷಗಳಲ್ಲೋ ಗಂಟೆಗಳಲ್ಲೋ ಹಾಳಾಗುತ್ತದೆ. ಅದಕ್ಕೆ ವಿಜ್ಞಾನಿಗಳು ಆ ಸಕ್ಕರೆ ಇಲ್ಲದ ಹಂದಿಗಳನ್ನೇ ಬೆಳೆಸಿದರು. ಅಂಥ ಒಂದು ಹೃದಯ ಬಬೂನಿನ ಹೊಟ್ಟೆಯೊಳಗೆ 945 ದಿನ ಬಡಿಯಿತೆಂದು 2016ರಲ್ಲಿ ಪ್ರಕಟವಾಯಿತು. ಅಲ್ಲೂ ಕಾವಲು ಕಣಗಳನ್ನು ತಡೆಯುವ ಔಷಧ ನಿಲ್ಲಿಸಿದ ಮೇಲೆ ದೇಹ ಆ ಹೃದಯವನ್ನು ತಿರಸ್ಕರಿಸಿತು.