ಹಿಮಾಲಯದ ಸಲಮಾಂಡರ್: ಪರೀಕ್ಷಾ ಟಿಪ್ಪಣಿ

ಉಭಯವಾಸಿಗಳಲ್ಲಿ ಮೂರು ಗಣಗಳಿವೆ: ಕಪ್ಪೆ-ನೆಲಗಪ್ಪೆಗಳು, ಕಾಲಿಲ್ಲದ ಸಿಸಿಲಿಯನ್‌ಗಳು, ಬಾಲವುಳ್ಳ ಸಲಮಾಂಡರ್‌ಗಳು. ಮೊದಲೆರಡು ಕರ್ನಾಟಕದಲ್ಲಿವೆ, ಮೂರನೆಯದು ಇಲ್ಲ. ಆಡಕಿ, ಸೇಡಂ ಕಡೆಯ ಹೊಲಗಳಲ್ಲಿ ಓಡಾಡುವ ಹಾವುರಾಣಿಯನ್ನು ಸಲಮಾಂಡರ್ ಎಂದು ತಿಳಿಯಬೇಡಿ. ಅದು ಸರೀಸೃಪ, ಮೈಮೇಲೆ ಹುರುಪೆಗಳಿರುತ್ತವೆ. ಸಲಮಾಂಡರ್‌ಗೆ ಹುರುಪೆಯಿಲ್ಲ, ತೇವದ ಚರ್ಮದ ಮೂಲಕವೂ ಅದು ಉಸಿರಾಡುತ್ತದೆ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ನೆನಪಿಡಿ.

ಭಾರತದಲ್ಲಿ ಸಲಮಾಂಡರ್‌ನ ಮುಖ್ಯ ನೆಲೆ ಪೂರ್ವ ಹಿಮಾಲಯ, ಅದರಲ್ಲೂ ಡಾರ್ಜಿಲಿಂಗ್ ಬೆಟ್ಟಗಳು. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಟೈಲೋಟೋಟ್ರೈಟನ್ ವೆರುಕೋಸಸ್. 2015ರಲ್ಲಿ ಹಿಮಾಲಯದ ಜೀವಿಯನ್ನು ಟೈಲೋಟೋಟ್ರೈಟನ್ ಹಿಮಾಲಯಾನಸ್ ಎಂದು ಪ್ರತ್ಯೇಕಿಸಲಾಯಿತು. ಮಳೆಗಾಲದಲ್ಲಿ ಬೆಟ್ಟದ ಕೊಳಗಳಿಗಿಳಿದು ಮೊಟ್ಟೆಯಿಡುತ್ತದೆ, ಚಳಿಗಾಲದಲ್ಲಿ ಕಲ್ಲು, ಮರದ ದಿಮ್ಮಿಗಳಡಿ ಅಡಗುತ್ತದೆ. ಕೊಳ ಮುಚ್ಚಿದರೆ ಸಂತಾನವೇ ನಿಲ್ಲುತ್ತದೆ. ಕಟ್ಟಡ, ಪ್ರವಾಸೋದ್ಯಮ, ಕೊಳಕ್ಕೆ ಬಿಟ್ಟ ಹೊರಗಿನ ಮೀನುಗಳು ಇದಕ್ಕೆ ಕಂಟಕ. ಡಾರ್ಜಿಲಿಂಗ್‌ನ ಜೋರ್‌ಪೋಖ್ರಿ ಅಭಯಾರಣ್ಯ ಇದರ ರಕ್ಷಣೆಗೆಂದೇ ಹೆಸರಾಗಿದೆ.

ಜೊತೆಗೆ ಓದಿ: ಮೆಕ್ಸಿಕೋದ ಸೊಚಿಮಿಲ್ಕೊ ಕಾಲುವೆಗಳ ಆಕ್ಸೊಲಾಟಲ್, ತೀವ್ರ ಅಪಾಯದಂಚಿನ ಸಲಮಾಂಡರ್.

ಅಭಯಾರಣ್ಯಗಳ ಪ್ರಶ್ನೆ ಬಂದರೆ ನಮ್ಮ ಕಲಬುರಗಿ ಜಿಲ್ಲೆಯದೂ ಗೊತ್ತಿರಲಿ: ಚಿಂಚೋಳಿ ವನ್ಯಜೀವಿಧಾಮ (2011ರಲ್ಲಿ ಘೋಷಣೆ, ಸುಮಾರು 134.88 ಚದರ ಕಿ.ಮೀ.) ಒಣ ಪರ್ಣಪಾತಿ ಕಾಡು. ಬಿಸಿಲನಾಡಿನಲ್ಲಿ ಇಂಥ ಕಾಡು ಉಳಿದಿರುವುದೇ ದೊಡ್ಡದು. ಅಲ್ಲಿನ ಚಂದ್ರಂಪಳ್ಳಿ ಜಲಾಶಯದ ಹೆಸರನ್ನೂ ಬರೆದಿಟ್ಟುಕೊಳ್ಳಿ.