ಉಚಿತ ಪಾಠದ ಖರ್ಚು

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ತರುವಾಯ ಪತ್ನೀಸಮೇತನಾಗಿ ಮಂಗೋಲಿಯದ ಉಲಾನ್‌ಬಾತರ್ ನಗರಕ್ಕೆ ಹೋಗಿ, ಅಲ್ಲಿಯ ಸಣ್ಣದೊಂದು ಕ್ರೈಸ್ತ ಸಭೆಯ ಆಶ್ರಯದಲ್ಲಿ ವೇತನವಿಲ್ಲದೆ ಇಂಗ್ಲಿಷ್ ಕಲಿಸುತ್ತ ಹಿರಿಯ ಮಿಷನರಿಯಾಗಿ ಸೇವೆ ಸಲ್ಲಿಸಿ ಬಂದ ನನ್ನನ್ನು ಧಾರವಾಡದ ಬಂಧುಮಿತ್ರರು ಮೊದಲು ಕೇಳುವುದು ಅಲ್ಲಿಯ ಚಳಿಯನ್ನು ಕುರಿತು, ಅನಂತರ, ತುಸು ದನಿ ತಗ್ಗಿಸಿ, “ಅಲ್ರೀ ಮಾಸ್ತರ, ಖರ್ಚಿಗೆ ರೊಕ್ಕ ಯಾರು ಕೊಟ್ರು?” ಎಂದು. ಸಂಕೋಚಪಡಬೇಕಾದ ಪ್ರಶ್ನೆ ಇದಲ್ಲ. ಸೇವೆ ಉಚಿತವೆಂದ ಮಾತ್ರಕ್ಕೆ ಅದರ ವೆಚ್ಚವು ಇಲ್ಲವಾಗುವುದಿಲ್ಲ; ಅದನ್ನು ಯಾರೋ ಒಬ್ಬರು ತೆರುತ್ತಲೇ ಇರುತ್ತಾರೆ, ಆ ಒಬ್ಬರು ಯಾರೆಂಬುದನ್ನು ಹೊರಡುವ ಮೊದಲೇ ಅರಿತಿರುವುದು ಸೇವಕನ ಕರ್ತವ್ಯವೆಂದು ನಾನು ನಂಬಿದ್ದೇನೆ.

ಈ ಚಿಂತೆ ಹೊಸದೇನೂ ಅಲ್ಲ. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಗಳೊಡನೆ ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡೇ ಬೋಧಿಸಿದನು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಕಾಲಾನಂತರ ನೇಯ್ಗೆಯನ್ನೂ ಹೆಂಚಿನ ಕಾರ್ಖಾನೆಯನ್ನೂ ಕೈಗೊಂಡದ್ದು, ಮತಾಂತರದ ದೆಸೆಯಿಂದ ಬಂಧುಬಳಗದ ಆಸರೆ ತಪ್ಪಿದವರ ಜೀವನೋಪಾಯವನ್ನು ಎಣಿಸಿಯೇ.

ನಾವು ದಂಪತಿಗಳು ಮಾಡಿಕೊಂಡ ನಿಶ್ಚಯ ಒಂದೇ: ತಿಂಗಳ ಪಿಂಚಣಿಯಲ್ಲಿ ಸಾಗುವವರೆಗೆ ಅಲ್ಲಿರುವುದು, ಠೇವಣಿಯ ಅಸಲಿಗೆ ಕೈಹಾಕಬೇಕಾದ ದಿನ ಊರಿಗೆ ಮರಳುವುದು. ಮಕ್ಕಳ ಮುಂದೆ ಕೈಯೊಡ್ಡಿ ಮಾಡುವ ಸೇವೆಯು ಮಕ್ಕಳ ಸೇವೆಯೇ ಹೊರತು ನಮ್ಮದಾಗದು. ನಿವಾಸಿ ಭಾರತೀಯನೊಬ್ಬನು ಆರ್ಥಿಕ ವರ್ಷವೊಂದರಲ್ಲಿ 2,50,000 ಡಾಲರ್‌ಗಳವರೆಗೆ ಹೊರದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕು ಅವಕಾಶವಿತ್ತಿದೆಯಾದರೂ, ಪಿಂಚಣಿದಾರನನ್ನು ಕಾಡುವುದು ಆ ಮಿತಿಯಲ್ಲ. ರೂಪಾಯಿ ಡಾಲರಾಗಿ, ಡಾಲರು ಅಲ್ಲಿಯ ತುಗ್ರಿಕ್ ಆಗುವ ಎರಡು ಕಟ್ಟೆಗಳಲ್ಲಿಯೂ ಸೋರಿಹೋಗುವ ವಿನಿಮಯದ ನಷ್ಟ, ಅದರ ಮೇಲೆ ಕಾರ್ಡಿನ ಶುಲ್ಕ. ಆದಕಾರಣ ಪದೇ ಪದೇ ಸಣ್ಣ ಮೊತ್ತ ತೆಗೆಯದೆ ಮೂರು ತಿಂಗಳಿಗೊಮ್ಮೆ ತರಿಸಿಕೊಳ್ಳುತ್ತಿದ್ದೆವು. ಹೊರಗಿದ್ದ ಮಾತ್ರಕ್ಕೆ ಭಾರತದಲ್ಲಿ ಜಮೆಯಾಗುವ ಪಿಂಚಣಿಯ ಮೇಲಿನ ಆದಾಯ ತೆರಿಗೆ ತಪ್ಪದು. ನವೆಂಬರಿನ ಜೀವಂತ ಪ್ರಮಾಣಪತ್ರವೂ ತಪ್ಪದು, ಅದನ್ನು ರಾಯಭಾರ ಕಚೇರಿಯಲ್ಲಿ ಮಾಡಿಸಿಕೊಂಡೆವು. ಊರಿನ ಆರೋಗ್ಯ ವಿಮೆಯು ಸಾಮಾನ್ಯವಾಗಿ ದೇಶದ ಗಡಿಯಲ್ಲಿಯೇ ನಿಂತುಬಿಡುತ್ತದೆ. ವೃದ್ಧರ ಪ್ರವಾಸ ವಿಮೆಯು ದುಬಾರಿ, ಹಳೆಯ ಕಾಯಿಲೆಗಳನ್ನು ಬಹುಮಟ್ಟಿಗೆ ಒಳಗೊಳ್ಳದು. ಈ ಒಂದು ಬಾಬಿನಲ್ಲಿ ಮಾತ್ರ ಮಿತವ್ಯಯವನ್ನು ನಾನು ಸಲಹೆ ಮಾಡಲಾರೆ.

ಜನವರಿಯ ರಾತ್ರಿಗಳಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಆ ನಗರದಲ್ಲಿ, ಸೆಪ್ಟೆಂಬರಿನ ನಡುವಿನಿಂದ ಮೇ ನಡುವಿನವರೆಗೆ ವಿದ್ಯುತ್ ಸ್ಥಾವರಗಳಿಂದ ಕೊಳವೆಗಳಲ್ಲಿ ಹರಿದುಬರುವ ಬಿಸಿನೀರೇ ಬಹುಮಹಡಿ ಮನೆಗಳನ್ನು ಕಾಯಿಸುವುದು. ಅದರ ಶುಲ್ಕವು ಮನೆಯ ವಿಸ್ತೀರ್ಣಕ್ಕನುಸಾರವಾದುದರಿಂದ ಚಿಕ್ಕ ಮನೆ ಹಿಡಿದದ್ದು ನಮಗೆ ಎರಡು ಬಗೆಯಲ್ಲಿ ಲಾಭವಾಯಿತು.

1990ರ ಪ್ರಜಾಪ್ರಭುತ್ವ ಕ್ರಾಂತಿಯ ತರುವಾಯ ರಷ್ಯನ್ ಭಾಷೆ ಹಿಂದೆ ಸರಿದು, ಇಂಗ್ಲಿಷ್ ಅಲ್ಲಿಯ ತರುಣರಿಗೆ ಅನ್ನದ ವಿದ್ಯೆಯಾಗಿದೆ. ಕೊಡುಕೊಳ್ಳುವ ಮಾತು ಕಲಿಸಲೆಂದು ನನ್ನ ಪತ್ನಿ ಮೇಜಿನ ಮೇಲೆ ನೋಟುಗಳನ್ನು ಹರಡುತ್ತಿದ್ದಳು: ಚಿಕ್ಕವುಗಳ ಮೇಲೆ ಸುಖಬಾತರನ ಮುಖ, ದೊಡ್ಡವುಗಳ ಮೇಲೆ ಚಿಂಗಿಸ್ ಖಾನನದು. ಆಟದ ವ್ಯಾಪಾರದಲ್ಲಿಯೂ ವಿದ್ಯಾರ್ಥಿಗಳು ಎಡಗೈಯನ್ನು ಬಲಮೊಣಕೈಗೆ ಆನಿಸಿ, ಬಲಗೈಯಿಂದಲೇ ನೋಟನ್ನು ಗೌರವದಿಂದ ನೀಡುವರು. ಇಂಗ್ಲಿಷಿನ ‘ಫಿಫ್ಟಿ’ಯು ಹಲವರ ನಾಲಗೆಯಲ್ಲಿ ‘ಪಿಪ್ಟಿ’ಯಾಗಿ ಹೊರಳಿದಾಗ, ಕೋಣೆಯೆಲ್ಲ ಮತ್ತೊಮ್ಮೆ ಒಟ್ಟಾಗಿ ಹೇಳುವುದು.

ಒಂದು ಸಂಜೆ ಪಾಠ ಮುಗಿದ ಬಳಿಕ, ಹಗಲು ಶಾಲೆಯಲ್ಲಿ ಕಲಿಸಿ ಸಂಜೆ ಮನೆಪಾಠದಿಂದ ಸಂಸಾರ ನಡೆಸುವ ತರುಣ ಶಿಕ್ಷಕಿಯೊಬ್ಬಳು ಕೋಟಿನ ಗುಂಡಿಯನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತು, “ಬಗ್ಶಾ, ನೀವು ಪುಕ್ಕಟೆ ಕಲಿಸಿ ಹೋದಮೇಲೆ ಇವರು ನನಗೆ ಹಣ ಕೊಟ್ಟು ಕಲಿಯುತ್ತಾರೆಯೆ?” ಎಂದು ಕೇಳಿದಳು. ಗುರುವೆಂದು ಸಂಬೋಧಿಸಿಯೇ ಕೇಳಿದ ಆ ಪ್ರಶ್ನೆ ಸರ್ವಥಾ ನ್ಯಾಯವಾದುದು. ಪಿಂಚಣಿಯುಳ್ಳ ಪರದೇಶಿಯ ಔದಾರ್ಯವು ಪಿಂಚಣಿಯ ವಯಸ್ಸಿಗೆ ಇನ್ನೂ ಬಹುದೂರವಿರುವ ಸ್ಥಳೀಯಳ ಸಂಪಾದನೆಯಿಂದ ಸಲ್ಲತಕ್ಕದ್ದಲ್ಲ. ಶುಲ್ಕ ಕೊಡಬಲ್ಲ ಮನೆಗಳ ಮಕ್ಕಳನ್ನು ಅವಳಲ್ಲಿಗೂ ಅವಳಂಥ ಇತರರಲ್ಲಿಗೂ ಕಳುಹಿಸಿದೆವು. ನಗರದ ಅಂಚಿನ ಗೆರ್ ಎಂಬ ಗುಡಾರಮನೆಗಳ ವಸತಿಗಳಿಂದ ಬರುವ, ಬಸ್ಸಿನ ದುಡ್ಡಿಗೂ ಯೋಚಿಸಬೇಕಾದ ಮಕ್ಕಳನ್ನು ನಮ್ಮಲ್ಲಿ ಉಳಿಸಿಕೊಂಡೆವು. ಶನಿವಾರಗಳಲ್ಲಿ ಆ ಶಿಕ್ಷಕರೊಡನೆಯೇ ಇಂಗ್ಲಿಷಿನಲ್ಲಿ ಮಾತನಾಡುತ್ತ, ಅವರ ಉಚ್ಚಾರಣೆಯನ್ನೂ ಧೈರ್ಯವನ್ನೂ ಬೆಳೆಸುವುದರಲ್ಲಿ ಕಾಲ ಕಳೆದೆವು. ನಮ್ಮಂತೆ ಹೊರಡುವ ಯೋಚನೆಯುಳ್ಳವರು ವಿಮಾನದ ದರವನ್ನೂ ಮನೆಬಾಡಿಗೆಯನ್ನೂ ವಿಚಾರಿಸುವಾಗ, ಆ ಊರಿನಲ್ಲಿ ಮನೆಪಾಠಕ್ಕೆ ಗಂಟೆಗೆ ಎಷ್ಟು ನಡೆಯುತ್ತದೆಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಲಿ.